ಯುವನಿಧಿ: ಅರ್ಜಿ ಹಾಕೋದು ಹೇಗೆ, ದುಡ್ಡು ಬರ್ದೆ ನಿಂತ್ರೆ ಎಲ್ಲಿ ಹುಡುಕೋದು

ಯುವನಿಧಿ ದುಡ್ಡು ಬಂದಿಲ್ಲ ಅಂತ ಬರೋರ ಹತ್ರ ನಾನು ಮೊದ್ಲು ಕೇಳೋದು ಒಂದೇ, ಎಲ್ಲಿ ನಿಂತಿದೆ ಅಂತ ನೋಡಿದ್ರಾ? ಹೆಚ್ಚಿನವ್ರು ನೋಡಿರಲ್ಲ. ತೀರ್ಥಹಳ್ಳಿ ಕಡೆ ಸೇವಾ ಕೇಂದ್ರದಲ್ಲಿ ಕೂತು ಅರ್ಜಿ ತುಂಬ್ಕೊಡೋ ಕೆಲ್ಸ ನಂದು, ಡಿಗ್ರಿ ಮುಗ್ಸಿ ಮನೇಲಿರೋ ಹುಡುಗ್ರು ಹುಡ್ಗೀರು ದಿನಾ ಬರ್ತಾರೆ, ಸುಮಾರು ಜನ ಆಗ್ಲೇ ತಾಲೂಕು ಆಫೀಸು, ಬ್ಯಾಂಕು, ಕಾಲೇಜು ಅಂತ ಸುತ್ತಿ ಸುಸ್ತಾಗಿ ಬಂದಿರ್ತಾರೆ. ದುಡ್ಡು ನಿಲ್ಲೋದು ಹೆಚ್ಚಾಗಿ ನಾಲ್ಕೇ ಜಾಗದಲ್ಲಿ, ಡಿಗ್ರಿ ದಾಖಲೆ, ಅರ್ಜಿ ಪರಿಶೀಲನೆ, ಸ್ವಯಂ ಘೋಷಣೆ, ಇಲ್ಲಾ ಬ್ಯಾಂಕಿನ ಆಧಾರ್ ಜೋಡಣೆ. ನಿಮ್ದು ಯಾವ್ದು ಅಂತ ಮನೇಲೇ ಕೂತು ಮೊಬೈಲಲ್ಲೇ ಕಂಡ್ಕೊಬಹುದು, ಕಂಡ್ಕೊಂಡ್ಮೇಲೆ ಅದೊಂದೇ ಬಾಗಿಲಿಗೆ ಹೋದ್ರೆ ಸಾಕು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಗೊತ್ತಿಲ್ದೋರಿಗೆ ಹೇಳ್ತೀನಿ, ಯುವನಿಧಿ ಅಂದ್ರೆ ನಮ್ಮ ರಾಜ್ಯ ಸರ್ಕಾರದ ಐದು ಗ್ಯಾರಂಟಿಲಿ ಐದನೇದು. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರು ಆಯ್ತು, ದುಡ್ಡು ಹಾಕೋಕೆ ಚಾಲನೆ ಕೊಟ್ಟಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ಕ್ಕೆ, ವಿವೇಕಾನಂದ ಜಯಂತಿ ದಿನ, ಹಳೇ ಜೈಲು ಇದ್ದ ಜಾಗದ ಫ್ರೀಡಂ ಪಾರ್ಕಲ್ಲಿ. ಡಿಗ್ರಿ ಆದವ್ರಿಗೆ ತಿಂಗಳಿಗೆ 3000, ಡಿಪ್ಲೊಮಾ ಆದವ್ರಿಗೆ 1500, ಕೆಲ್ಸ ಸಿಗೋ ತನಕ ಇಲ್ಲಾ ಗರಿಷ್ಠ ಎರಡು ವರ್ಷ. ಪೂರ್ತಿ ಬಂದ್ರೆ ಡಿಗ್ರಿಯವ್ರಿಗೆ 72,000 ಆಗುತ್ತೆ, ಡಿಪ್ಲೊಮಾದವ್ರಿಗೆ 36,000. ಬೆಂಗಳೂರಿಗೆ ಇಂಟರ್ವ್ಯೂಗೆ ಹೋಗಿ ಬರೋ ಖರ್ಚು, ಎಕ್ಸಾಂ ಫೀಸು, ಪುಸ್ತಕ, ಇದೆಲ್ಲ ಅಪ್ಪನ ಹತ್ರ ಕೇಳೋಕೆ ಮುಜುಗರ ಆಗೋ ವಯಸ್ಸಲ್ಲಿ ಇದು ಸಣ್ಣ ದುಡ್ಡಲ್ಲ. ಇಸ್ಕೊಳೋಕೆ ನಾಚ್ಕೋಬೇಡಿ.

ಯಾರು ಹಾಕಬಹುದು

2022-23ನೇ ಸಾಲಲ್ಲಿ ಪಾಸಾದ ಬ್ಯಾಚಿಂದ ಶುರು, ಆಮೇಲಿನ ಬ್ಯಾಚಿನವ್ರಿಗೂ ಉಂಟು. ಪಾಸಾಗಿ 180 ದಿನ ಕಳೆದ್ರೂ ಕೆಲ್ಸ ಸಿಕ್ಕಿರಬಾರ್ದು. ಈ 180 ದಿನದ ವಿಷ್ಯದಲ್ಲೇ ಸುಮಾರು ಜನ ಎಡವ್ತಾರೆ, ರಿಸಲ್ಟ್ ಬಂದ ವಾರಕ್ಕೇ ಬಂದು ಹಾಕ್ಕೊಡಿ ಅಂತಾರೆ, ಆಗಲ್ಲ ಮಾರಾಯ್ರೆ, ಆರು ತಿಂಗ್ಳು ಕಾಯ್ಲೇಬೇಕು. ಆ ಆರು ತಿಂಗಳಲ್ಲಿ ಮಾಡೋ ಕೆಲ್ಸ ಬೇಕಾದಷ್ಟಿದೆ, ಕೆಳಗೆ ಹೇಳ್ತೀನಿ.

ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರೋದಕ್ಕೆ ದಾಖಲೆ ಬೇಕು. ಎಂಎಗೋ ಬಿಎಡ್ಡಿಗೋ ಸೇರ್ಕೊಂಡು ಓದು ಮುಂದುವರ್ಸಿದ್ರೆ ಬರಲ್ಲ. ಅಪ್ರೆಂಟಿಸ್ ಅಂತ ಸ್ಟೈಪೆಂಡ್ ತಗೊಳ್ತಿದ್ರೂ ಬರಲ್ಲ. ಸರ್ಕಾರಿ, ಖಾಸಗಿ ಯಾವ್ದೇ ಕೆಲ್ಸದಲ್ಲಿದ್ರೂ ಇಲ್ಲ, ಸರ್ಕಾರಿ ಯೋಜನೇಲಿ ಸಾಲ ತಗೊಂಡು ಸ್ವಂತ ಉದ್ಯೋಗ ಮಾಡ್ತಿದ್ರೂ ಇಲ್ಲ. ಸುಳ್ಳು ಹೇಳಿ ದುಡ್ಡು ತಗೊಂಡು ಆಮೇಲೆ ಸಿಕ್ಕಿಬಿದ್ರೆ ವಾಪಸ್ ಕಟ್ಟೋ ಪರಿಸ್ಥಿತಿ ಬರುತ್ತೆ, ಪಿಎಫ್ ಕಟ್ ಆಗೋ ಕೆಲ್ಸಕ್ಕೆ ಸೇರಿದ್ರಂತೂ ನಿಮ್ಮ ಆಧಾರ್ ಮೇಲೆ ದಾಖಲೆ ಆಗೇ ಆಗುತ್ತೆ. ಯಾರೋ ಫ್ರೆಂಡ್ ತಗೊಳ್ತಿದಾನೆ ಏನೂ ಆಗಿಲ್ಲ ಅಂತ ನೀವು ಹಾಗ್ ಮಾಡ್ಬೇಡಿ.

ಅರ್ಜಿಗೆ ಮುಂಚೆ ಮಾಡಿಟ್ಕೊಳೋದು

ಅರ್ಜಿ ಹಾಕೋದು ಕಾಲು ಗಂಟೆ ಕೆಲ್ಸ, ತಯಾರಿ ಸರಿ ಇದ್ರೆ. ತಯಾರಿ ಇಲ್ದೆ ಹಾಕಿದ್ದೇ ಮುಂದೆ ತಿಂಗ್ಳುಗಟ್ಲೆ ತಲೆನೋವು. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಮೊದ್ಲು ಆಧಾರ್ ಕಾರ್ಡೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಡಿಗ್ರಿ ಮಾರ್ಕ್ಸ್ ಕಾರ್ಡೂ ಮೂರನ್ನೂ ಟೇಬಲ್ ಮೇಲೆ ಒಟ್ಟಿಗೆ ಇಟ್ಕೊಂಡು ಹೆಸ್ರು ಅಕ್ಷರ ಅಕ್ಷರ ಓದಿ. ನಮ್ಮ ಕಡೆ ಮಾಮೂಲಿ ಆಗೋದು ಇನಿಷಿಯಲ್ ಗೋಳು, ಮಾರ್ಕ್ಸ್ ಕಾರ್ಡಲ್ಲಿ ಹೆಸ್ರಿನ ಮುಂದೆ ಊರು ಮತ್ತೆ ಅಪ್ಪನ ಹೆಸ್ರಿನ ಮೊದಲಕ್ಷರ ಇರುತ್ತೆ, ಆಧಾರಲ್ಲಿ ಹೆಸ್ರಿನ ಹಿಂದೆ ಅಪ್ಪನ ಪೂರ್ತಿ ಹೆಸ್ರು ಇರುತ್ತೆ, ಇಲ್ಲಾ ಎಂತದೂ ಇರಲ್ಲ. ಇಂಗ್ಲಿಷಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆಗಿರೋದಂತೂ ಲೆಕ್ಕವೇ ಇಲ್ಲ. ಹುಟ್ಟಿದ ತಾರೀಖು ಬೇರೆ ಇದ್ರೆ ಅದು ಇನ್ನೂ ಕಷ್ಟ. ಇದನ್ನ ಆ ಆರು ತಿಂಗ್ಳು ಕಾಯೋ ಟೈಮಲ್ಲೇ ಆಧಾರ್ ಸೆಂಟರಿಗೆ ಹೋಗಿ ಸರಿ ಮಾಡ್ಸಿ, ಮಾರ್ಕ್ಸ್ ಕಾರ್ಡ್ ಹೇಗಿದೆಯೋ ಹಾಗೇ ಆಧಾರಲ್ಲೂ ಬರೋ ತರ ಮಾಡ್ಸೋದು ಒಳ್ಳೇದು, ಯಾಕಂದ್ರೆ ಮಾರ್ಕ್ಸ್ ಕಾರ್ಡ್ ತಿದ್ಸೋದು ಆಧಾರ್ ತಿದ್ಸೋದಕ್ಕಿಂತ ಎಷ್ಟೋ ಪಾಲು ಕಷ್ಟ.

ಆಧಾರಿಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಲಿಂಕ್ ಇರ್ಬೇಕು. ಹಳೇ ಸಿಮ್ ಬಿಸಾಕಿ ಹೊಸದು ತಗೊಂಡಿರ್ತಾರೆ, ಓಟಿಪಿ ಹೋಗೋದು ಹಳೇ ನಂಬರಿಗೆ, ಆ ನಂಬರ್ ಈಗ ಯಾರ ಹತ್ರ ಇದೆಯೋ. ನಂಬರ್ ಬದಲಾಯ್ಸೋಕೂ ಆಧಾರ್ ಸೆಂಟರಿಗೇ ಹೋಗಿ. ಹಳ್ಳೀಲಿರೋರಿಗೆ ಇನ್ನೊಂದು ಮಾತು, ನಂಬರ್ ಹೆಸ್ರು ಎರಡೂ ತಿದ್ದೋದಿದ್ರೆ ಒಂದೇ ಸಲ ಮಾಡ್ಸ್ಕೊಂಡು ಬನ್ನಿ. ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಇದೆ ನಿಜ, ಆದ್ರೆ ತೀರ್ಥಹಳ್ಳಿ, ಹೊಸನಗರದ ಒಳಗಿನ ಊರಿಗೆ ಬರೋದು ಹೆಚ್ಚಿನವು ಪ್ರೈವೇಟ್ ಬಸ್ಸು, ಅಲ್ಲಿ ಟಿಕೆಟಿಗೆ ದುಡ್ಡು ಕೊಡ್ಲೇಬೇಕು, ಒಂದು ಓಡಾಟ ಉಳಿದ್ರೂ ಉಳಿದಂಗೆ.

ಇನ್ನು ಡಿಗ್ರಿ ದಾಖಲೆ. ನೀವು ಪಾಸಾಗಿದ್ದು ನಿಜಾನಾ ಅಂತ ಸರ್ಕಾರ ನೋಡೋದು ಎನ್‌ಎಡಿ ಅನ್ನೋ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ. ಅದಕ್ಕೆ ದಾಖಲೆ ಏರ್ಸೋದು ವಿಶ್ವವಿದ್ಯಾಲಯದ ಕೆಲ್ಸ, ನಿಮ್ದಲ್ಲ. ಆದ್ರೆ ಏರ್ಸಿದಾರಾ ಇಲ್ವಾ ಅಂತ ನೋಡೋದು ನಿಮ್ಮ ಕೆಲ್ಸ. ಡಿಜಿಲಾಕರ್ ಆಪ್ ಹಾಕ್ಕೊಂಡು ಆಧಾರಲ್ಲಿ ಲಾಗಿನ್ ಆಗಿ, ನಿಮ್ಮ ವಿಶ್ವವಿದ್ಯಾಲಯದ ಹೆಸ್ರು ಹುಡುಕಿ, ರಿಜಿಸ್ಟರ್ ನಂಬರ್ ಕೊಟ್ಟು ನೋಡಿ. ಶಿವಮೊಗ್ಗ ಚಿಕ್ಕಮಗಳೂರು ಕಡೆ ಬಿಎ, ಬಿಕಾಂ, ಬಿಎಸ್ಸಿ ಮಾಡಿದವ್ರಲ್ಲಿ ಹೆಚ್ಚಿನವ್ರದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಆದ್ರೆ ವಿಟಿಯು. ಡಿಜಿಲಾಕರಲ್ಲಿ ಸರ್ಟಿಫಿಕೇಟ್ ಕಾಣ್ತು ಅಂದ್ರೆ ಅರ್ಧ ಯುದ್ಧ ಗೆದ್ದಂಗೆ. ಕಾಣ್ಲಿಲ್ಲ ಅಂದ್ರೆ ಕಾಲೇಜ್ ಆಫೀಸಲ್ಲಿ ಕೇಳಿ, ಅಲ್ಲಿ ಆಗಲ್ಲ ಅಂದ್ರೆ ವಿಶ್ವವಿದ್ಯಾಲಯದ ಕುಲಸಚಿವರು ಪರೀಕ್ಷಾಂಗ ಅಂತ ಇರ್ತಾರಲ್ಲ ಅವ್ರಿಗೆ ಬರ್ದು ಕೊಡ್ಬೇಕು. ಘಟಿಕೋತ್ಸವ ಆಗಿಲ್ಲ, ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದಿಲ್ಲ ಅಂತ ಕೂರ್ಬೇಡಿ, ಪಿಡಿಸಿ ಅಂದ್ರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ತೆಗ್ಸಿಟ್ಕೊಳಿ.

ಪತ್ರ ಹೆಂಗ್ ಬರಿಯೋದು ಅಂತ ಕೇಳ್ತಾರೆ, ಉದ್ದ ಬೇಡ, ಇಷ್ಟು ಸಾಕು: "ನಾನು ಇಂಥ ಕಾಲೇಜಿನಲ್ಲಿ ಇಂಥ ಕೋರ್ಸ್ ಮುಗಿಸಿ ಇಂಥ ತಿಂಗಳಲ್ಲಿ ಉತ್ತೀರ್ಣನಾಗಿರುತ್ತೇನೆ, ನನ್ನ ನೋಂದಣಿ ಸಂಖ್ಯೆ ಇಂತಿದೆ. ನನ್ನ ಪದವಿ ವಿವರ ಎನ್‌ಎಡಿಯಲ್ಲಿ ಲಭ್ಯವಿಲ್ಲದ ಕಾರಣ ಯುವನಿಧಿ ಅರ್ಜಿಗೆ ತೊಂದರೆಯಾಗುತ್ತಿದೆ. ದಯವಿಟ್ಟು ಅಪ್‌ಲೋಡ್ ಮಾಡಿಸಿಕೊಡಬೇಕಾಗಿ ವಿನಂತಿ." ಕೆಳಗೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್. ಎರಡು ಪ್ರತಿ ಮಾಡಿ, ಒಂದು ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸ್ಕೊಳಿ. ಸೀಲ್ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳ್ಸಿ. ಬಾಯ್ಮಾತಲ್ಲಿ "ಆಯ್ತು ನೋಡ್ತೀವಿ" ಅಂದಿದ್ದು ನಾಳೆ ಯಾರಿಗೂ ನೆನಪಿರಲ್ಲ.

ಅರ್ಜಿ ಹಾಕೋದು

ಸೇವಾ ಸಿಂಧು ಗ್ಯಾರಂಟಿ ಸ್ಕೀಮ್ಸ್ ಪೋರ್ಟಲಲ್ಲಿ ಯುವನಿಧಿ ಅಂತ ಇರುತ್ತೆ. ನೀವೇ ಮೊಬೈಲಲ್ಲಿ ಹಾಕಬಹುದು, ಇಲ್ಲಾ ಗ್ರಾಮ ಒನ್, ಕರ್ನಾಟಕ ಒನ್, ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಹೋಗಿ. ಅರ್ಜಿಗೆ ಅಂತ ಸರ್ಕಾರಕ್ಕೆ ಕಟ್ಟೋ ಫೀ ಇಲ್ಲ. ಐನೂರು ಸಾವ್ರ ಕೊಡಿ ಬೇಗ ಪಾಸ್ ಮಾಡಿಸ್ತೀನಿ ಅನ್ನೋರಿದ್ರೆ ಅಲ್ಲಿಂದ ಎದ್ದು ಬನ್ನಿ, ಯಾರಿಗೂ ಆ ಅಧಿಕಾರ ಇಲ್ಲ.

ಆಧಾರ್ ಓಟಿಪಿ ಕೊಟ್ಟು ಒಳಗೆ ಹೋದ್ಮೇಲೆ ನಿಮ್ಮ ಹೆಸ್ರು, ವಿಳಾಸ ತಾನೇ ಬರುತ್ತೆ. ಆಮೇಲೆ ವಾಸದ ದಾಖಲೆ, ಓದಿನ ವಿವರ, ಪಾಸಾದ ವರ್ಷ. ರಿಜಿಸ್ಟರ್ ನಂಬರ್ ಟೈಪ್ ಮಾಡೋವಾಗ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಗಮನ ಇಡಿ. ಸಬ್ಮಿಟ್ ಒತ್ತೋ ಮುಂಚೆ ಪಕ್ಕದಲ್ಲಿ ಇನ್ನೊಬ್ರು ಇದ್ರೆ ಅವ್ರಿಗೂ ಒಂದ್ಸಲ ಓದ್ಸಿ. ಸಬ್ಮಿಟ್ ಆದ್ಮೇಲೆ ಒಂದು ಅರ್ಜಿ ಸಂಖ್ಯೆ ಬರುತ್ತೆ, ಅದ್ರ ಸ್ಕ್ರೀನ್‌ಶಾಟ್ ತೆಗೀರಿ, ಪಿಡಿಎಫ್ ಇಳ್ಸ್ಕೊಳಿ, ಅಲ್ದೆ ಮನೆ ಕ್ಯಾಲೆಂಡರ್ ಹಿಂದೆಯೋ ಡೈರಿಲೋ ಬರ್ದಿಡಿ. ಮೊಬೈಲ್ ಮಳೇಲಿ ನೆಂದು ಹಾಳಾದ್ರೆ ಎಲ್ಲಾ ಹೋಯ್ತು ಅನ್ನೋ ಹಾಗೆ ಆಗ್ಬಾರ್ದು.

ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಕರೆಂಟ್ ಹೋದ್ರೆ ಟವರ್ರೂ ಹೋಗುತ್ತೆ, ಆಗುಂಬೆ, ನಗರ, ನಿಟ್ಟೂರು ಕಡೆಯವ್ರಿಗೆ ನಾನು ಹೇಳ್ಬೇಕಿಲ್ಲ. ಅರ್ಧ ತುಂಬಿದ ಅರ್ಜಿ ಹಾಗೇ ಹೋಗ್ಬಿಡುತ್ತೆ. ಮಳೆಗಾಲದಲ್ಲಿ ಪೇಟೆಗೆ ಬಂದ ದಿನಾನೇ ಮಾಡಿ ಮುಗ್ಸಿ, ಬೆಳಿಗ್ಗೆ ಬೇಗ ಕೂತ್ರೆ ಸರ್ವರೂ ಸ್ವಲ್ಪ ಹಗುರ ಇರುತ್ತೆ.

ಸ್ವಯಂ ಘೋಷಣೆ ಮರೀಬೇಡಿ

ಇದಂತೂ ತುಂಬಾ ಮುಖ್ಯ. ಅರ್ಜಿ ಮಂಜೂರಾಗಿ, ಎರಡು ಮೂರು ತಿಂಗ್ಳು ದುಡ್ಡು ಬಂದು, ಆಮೇಲೆ ಇದ್ದಕ್ಕಿದ್ದಂಗೆ ನಿಂತ್ರೆ ಮೊದ್ಲು ಇಲ್ಲೇ ನೋಡಿ. ನನಗಿನ್ನೂ ಕೆಲ್ಸ ಸಿಕ್ಕಿಲ್ಲ, ಮುಂದೆ ಓದ್ತಾನೂ ಇಲ್ಲ ಅಂತ ನೀವೇ ಪೋರ್ಟಲಲ್ಲಿ ಲಾಗಿನ್ ಆಗಿ ಹೇಳ್ತಾ ಇರ್ಬೇಕು. ಶುರೂಲಿ ಇದನ್ನ ಪ್ರತಿ ತಿಂಗ್ಳು 25ರ ಒಳಗೆ ಕೊಡ್ಬೇಕಿತ್ತು, ಆಮೇಲೆ ಮೂರು ತಿಂಗಳಿಗೊಂದ್ಸಲ ಅಂತ ಮಾಡಿದ್ರು. ಹಾಗಾಗಿ ಮೊದ್ಲು ತಿಂಗ್ಳು ತಿಂಗ್ಳು ನೆನಪಿಟ್ಕೊಂಡು ಕೊಡ್ತಿದ್ದವ್ರೂ ಈಗ ಮರೀತಾರೆ, ಮೂರು ತಿಂಗ್ಳು ಅಂದ್ರೆ ಮನಸ್ಸಿಂದ ಜಾರೋಕೆ ಸಾಕಾದಷ್ಟು ಟೈಮು. ಘೋಷಣೆ ಕೊಟ್ಟ ದಿನಾನೇ ಮುಂದಿನ ಸಲದ್ದಕ್ಕೆ ಮೊಬೈಲಲ್ಲಿ ರಿಮೈಂಡರ್ ಇಡಿ, 25ಕ್ಕಲ್ಲ, 15ಕ್ಕೆ ಇಡಿ, ಕೊನೇ ದಿನ ಸರ್ವರ್ ನಂಬ್ಕೊಂಡು ಕೂರ್ಬಾರ್ದು.

ಕೆಲ್ಸ ಸಿಕ್ತು ಅಂದ್ರೆ ಅದನ್ನೂ ಅಲ್ಲೇ ಹೇಳ್ಬಿಡಿ.

ದುಡ್ಡು ಬಂದಿಲ್ಲ, ಈಗೇನ್ ಮಾಡೋದು

ಮೊದ್ಲು ಸೇವಾ ಸಿಂಧುಲಿ ಅರ್ಜಿ ಸಂಖ್ಯೆ ಹಾಕಿ ಸ್ಟೇಟಸ್ ನೋಡಿ. ಪರಿಶೀಲನೆಲಿದೆ ಅಂತಿದ್ರೆ ಬ್ಯಾಂಕಿಗೆ ಹೋಗಿ ಪ್ರಯೋಜನ ಇಲ್ಲ, ಡಿಜಿಲಾಕರ್ ನೋಡಿ, ಅಲ್ಲಿ ಡಿಗ್ರಿ ಕಾಣದಿದ್ರೆ ತಡ ಆಗ್ತಿರೋದು ಬಹುತೇಕ ಅಲ್ಲೇ, ಮೇಲೆ ಹೇಳಿದ ಪತ್ರ ಬರೀರಿ. ತಿರಸ್ಕೃತ ಅಂತಿದ್ರೆ ಕಾರಣ ಏನು ಕೊಟ್ಟಿದಾರೆ ಅಂತ ಓದಿ, ಅದನ್ನ ಸರಿ ಮಾಡದೆ ಮತ್ತೆ ಅದೇ ಅರ್ಜಿ ಹಾಕಿದ್ರೆ ಮತ್ತೆ ಅದೇ ಉತ್ರ ಬರುತ್ತೆ.

ಮಂಜೂರಾಗಿದೆ, ಘೋಷಣೆನೂ ಕೊಟ್ಟಾಗಿದೆ, ಆದ್ರೂ ದುಡ್ಡಿಲ್ಲ ಅಂದ್ರೆ ಈಗ ಬ್ಯಾಂಕ್ ಕಡೆ ಬನ್ನಿ. ಸರ್ಕಾರದ ದುಡ್ಡು ನೇರ ಖಾತೆಗೆ ಬೀಳೋದಕ್ಕೆ ಡಿಬಿಟಿ ಅಂತಾರೆ, ಪ್ಲೇಸ್ಟೋರಲ್ಲಿ ಡಿಬಿಟಿ ಕರ್ನಾಟಕ ಅಂತ ಸರ್ಕಾರದ ಆಪ್ ಇದೆ, ಆಧಾರ್ ಹಾಕಿ ಓಟಿಪಿ ಕೊಟ್ರೆ ಯಾವ ಯೋಜನೆ ದುಡ್ಡು ಯಾವ ದಿನ ಯಾವ ಬ್ಯಾಂಕಿಗೆ ಹೋಗಿದೆ ಅಂತ ತೋರ್ಸುತ್ತೆ. ಸುಮಾರು ಸಲ ಏನಾಗಿರುತ್ತೆ ಅಂದ್ರೆ ದುಡ್ಡು ಬಂದಿರುತ್ತೆ, ಆದ್ರೆ ನೀವು ನೋಡ್ತಿರೋ ಪಾಸ್‌ಬುಕ್ಕಿಗಲ್ಲ. ಕಾಲೇಜಲ್ಲಿ ಸ್ಕಾಲರ್‌ಶಿಪ್ಪಿಗೆ ಅಂತ ಒಂದು ಖಾತೆ ಮಾಡ್ಸಿರ್ತೀರಿ, ಆಮೇಲೆ ಎಲ್ಲೋ ಇಂಟರ್ನ್‌ಶಿಪ್ಪಿಗೆ ಇನ್ನೊಂದು, ಡಿಬಿಟಿ ದುಡ್ಡು ಹೋಗೋದು ಬ್ಯಾಂಕ್‌ಗಳ ನಡುವಿನ ಪಾವತಿ ನೋಡ್ಕೊಳೋ ಎನ್‌ಪಿಸಿಐ ಅನ್ನೋ ಸಂಸ್ಥೆ ಪಟ್ಟೀಲಿ ನಿಮ್ಮ ಆಧಾರಿಗೆ ಯಾವ ಬ್ಯಾಂಕ್ ಕೊನೇಲಿ ಜೋಡಣೆ ಆಗಿದೆಯೋ ಅದಕ್ಕೆ, ಒಂದು ಸಲಕ್ಕೆ ಒಂದೇ ಬ್ಯಾಂಕ್ ಇರೋಕೆ ಸಾಧ್ಯ. ಮರ್ತೇಹೋದ ಖಾತೇಲಿ ದುಡ್ಡು ಕೂತಿರೋದು ನೋಡಿ ಕಣ್ಣಲ್ಲಿ ನೀರ್ ಹಾಕ್ಕೊಂಡ ಹುಡ್ಗೀನ ನೋಡಿದೀನಿ, ಖುಷಿಗೆ.

ಬ್ಯಾಂಕಲ್ಲಿ ಹೋಗಿ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಿದ್ರೆ ಆಗಿದೆ ಅಂತಾರೆ, ಅದು ಕೆವೈಸಿಗೆ, ಅಂದ್ರೆ ನಿಮ್ಮ ಗುರುತು ಖಚಿತ ಮಾಡ್ಕೊಳೋಕೆ ಆಗಿರೋದು. ನೀವು ಕೇಳ್ಬೇಕಾಗಿದ್ದು "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ, ಡಿಬಿಟಿಗೆ ಆಕ್ಟಿವ್ ಇದೆಯಾ" ಅಂತ. ಸೀಡಿಂಗ್ ಅಂದ್ರೆ ಆ ಪಟ್ಟೀಲಿ ಜೋಡಣೆ ಆಗಿರೋದು, ಎರಡೂ ಬೇರೆ. ಆಗಿಲ್ಲ ಅಂದ್ರೆ ಸೀಡಿಂಗ್ ಫಾರಂ ಇಸ್ಕೊಂಡು ತುಂಬಿ ಕೊಡಿ, ಕೆಲವು ದಿನ ಬಿಟ್ಟು ಆಧಾರ್ ಕೊಡೋ ಯುಐಡಿಎಐ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೀವೇ ನೋಡ್ಕೊಳಿ. ಬ್ಯಾಂಕಲ್ಲಿ ಮತ್ತೆ ಮತ್ತೆ ನಾಳೆ ಬಾ ಅಂದ್ರೆ ಪೋಸ್ಟಾಫೀಸಿಗೆ ಹೋಗಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆಗೀರಿ, ಆಧಾರ್ ಮೇಲೇ ತೆಗೀತಾರೆ, ಡಿಬಿಟಿಗೆ ಜೋಡ್ಸ್ಕೊಡಿ ಅಂತ ಅಲ್ಲೇ ಹೇಳಿ. ಹಳ್ಳೀಲಿ ಪೋಸ್ಟ್‌ಮ್ಯಾನೇ ಮೆಷಿನ್ ಹಿಡ್ಕೊಂಡು ಮನೆಗೆ ಬಂದು ಮಾಡ್ಕೊಡೋದೂ ಉಂಟು.

ಅಲ್ಲೊಂದು ನಮ್ಮ ಮಲೆನಾಡಿನದೇ ತೊಂದ್ರೆ ಇದೆ. ಸುಗ್ಗಿ ಟೈಮಲ್ಲಿ, ನವೆಂಬರ್ ಡಿಸೆಂಬರಲ್ಲಿ, ಕೆಲ್ಸ ಇಲ್ದಿರೋ ಹುಡುಗ್ರೆಲ್ಲ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಾರೆ, ಹೆಬ್ಬೆಟ್ಟು ಕಪ್ಪಾಗಿ ಬಿರುಕು ಬಿಟ್ಟು ಗೆರೆನೇ ಉಳಿದಿರಲ್ಲ, ಮೆಷಿನ್ ಮೇಲೆ ಎಷ್ಟು ಒತ್ತಿದ್ರೂ ಬೆರಳಚ್ಚು ತಗೊಳಲ್ಲ. ಆಗ ಹೆಬ್ಬೆಟ್ಟೇ ಬೇಕು ಅಂತ ಹಠ ಮಾಡ್ದೆ ಎಡಗೈ ಉಂಗುರ ಬೆರಳು, ಕಿರುಬೆರಳು ಟ್ರೈ ಮಾಡಿ, ಅವು ಕಮ್ಮಿ ಸವೆದಿರ್ತವೆ. ಕೈ ತೊಳ್ದು ಒರ್ಸಿ ಸ್ವಲ್ಪ ತೇವ ಇದ್ದಾಗ ಇಟ್ರೆ ಚೆನ್ನಾಗಿ ಬರುತ್ತೆ. ಆಗ್ಲೂ ಆಗ್ಲಿಲ್ಲ ಅಂದ್ರೆ ಮುಖ ತೋರ್ಸಿ ಇಲ್ಲಾ ಓಟಿಪಿಲಿ ಮಾಡೋಕಾಗುತ್ತಾ ಕೇಳಿ.

ಎಲ್ಲಾ ಸರಿ ಇದ್ದೂ ಬರ್ತಿಲ್ಲ ಅಂದ್ರೆ

ಅರ್ಜಿ, ಡಿಗ್ರಿ, ಘೋಷಣೆ, ಸೀಡಿಂಗ್ ನಾಲ್ಕೂ ಸರಿ ಇದೆ ಅಂತ ಪ್ರಿಂಟ್ ತೆಗೆದಿಟ್ಕೊಂಡ್ಮೇಲೆ ತಪ್ಪು ನಿಮ್ಮ ಕಡೆ ಇಲ್ಲ ಅಂತ ಧೈರ್ಯವಾಗಿ ಕೇಳಬಹುದು. ಸರ್ಕಾರದಿಂದ್ಲೇ ಕಂತು ತಡ ಆಗೋದೂ ಇದೆ, ಆಗ ಬರೀ ನಿಮ್ಗಲ್ಲ, ನಿಮ್ಮ ಕ್ಲಾಸಿನ ಬೇರೆಯವ್ರಿಗೂ ಬಂದಿರಲ್ಲ, ಹಾಗಾಗಿ ಮೊದ್ಲು ನಾಲ್ಕು ಜನ ಫ್ರೆಂಡ್ಸನ್ನ ಕೇಳಿ. ಯಾರಿಗೂ ಬಂದಿಲ್ಲ ಅಂದ್ರೆ ನಿಮ್ಮ ಖಾತೆ ಬದಲಾಯ್ಸೋದು, ಹೊಸ ಅರ್ಜಿ ಹಾಕೋದು ಎಂತದೂ ಮಾಡ್ಬೇಡಿ, ಇದ್ದಿದ್ದೂ ಕೆಡುತ್ತೆ.

ಎಲ್ರಿಗೂ ಬಂದು ನಿಮಗೊಬ್ರಿಗೇ ಇಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಮತ್ತೆ ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿ ಕಚೇರಿ, ಇವೆರಡು ಕಡೆ ಲಿಖಿತವಾಗಿ ಕೊಡಿ, ಯೋಜನೆ ನೋಡ್ಕೊಳೋದು ಕೌಶಲ್ಯಾಭಿವೃದ್ಧಿ ಇಲಾಖೆ. ಫೋನಲ್ಲಿ ದೂರು ಕೊಡೋಕೆ ಜನಸ್ಪಂದನದ 1902 ಇದೆ, ದೂರಿನ ಸಂಖ್ಯೆ ಬರ್ಕೊಳಿ. ತಾಲೂಕಿಗೊಂದು ಗ್ಯಾರಂಟಿ ಅನುಷ್ಠಾನ ಸಮಿತಿ ಇದೆ, ಸಭೆ ಯಾವಾಗ ಅಂತ ತಾಲೂಕು ಪಂಚಾಯ್ತೀಲಿ ಕೇಳಿ, ಅಲ್ಲಿ ಎಲ್ಲಾ ಇಲಾಖೆಯವ್ರೂ ಎದುರಿಗೇ ಇರ್ತಾರೆ. ಮೂರು ನಾಲ್ಕು ಜನ ಒಟ್ಟಿಗೆ ಹೋದ್ರೆ ಇನ್ನೂ ಒಳ್ಳೇದು.

ಅದಕ್ಕೂ ಉತ್ರ ಇಲ್ಲ ಅಂದ್ರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ರ ಕೊಡ್ಬೇಕು ಅಂತ ಕಾನೂನು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷ್ಯ, 150 ಪದದ ಒಳಗೆ. ಅದ್ರಲ್ಲಿ ಗೋಳು ಬರೀಬೇಡಿ, ಇಷ್ಟೇ ಕೇಳಿ: ಇಂಥ ಸಂಖ್ಯೆಯ ಅರ್ಜಿ ಈಗ ಯಾವ ಹಂತದಲ್ಲಿದೆ, ಯಾವ ಅಧಿಕಾರಿ ಹತ್ರ ಯಾವ ದಿನದಿಂದ ಬಾಕಿ ಇದೆ, ಬಾಕಿ ಇರೋಕೆ ದಾಖಲೆ ಪ್ರಕಾರ ಕಾರಣ ಏನು.

ದುಡ್ಡು ಬಾರದ ತಿಂಗಳಲ್ಲಿ ಸಾಲದ ಆಪ್‌ಗಳ ಹತ್ರ ಹೋಗ್ಬೇಡಿ, ದಯವಿಟ್ಟು. 3000 ಬರುತ್ತೆ ಅಂತ ನಂಬಿ 5000 ತಗೊಂಡು ಆಮೇಲೆ ಅದ್ರ ಎರಡರಷ್ಟು ಕಟ್ಟಿದೋರು ಇದಾರೆ. ಯುವನಿಧಿ ಬಾಕಿ ಬಿಡುಗಡೆ ಮಾಡ್ತೀವಿ ಲಿಂಕ್ ಒತ್ತಿ, ಓಟಿಪಿ ಹೇಳಿ ಅಂತ ಫೋನ್ ಬಂದ್ರೆ ಕಟ್ ಮಾಡಿ, ದುಡ್ಡು ಹೋಯ್ತು ಅಂದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಂಚಾಯ್ತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತಾರೆ, ಕೆಲವು ಕಡೆ ಕಂಪ್ಯೂಟರ್ರೂ ಇದೆ, ಪರೀಕ್ಷೆಗೆ ಓದೋಕೂ ಸ್ಕಿಲ್ ಕನೆಕ್ಟ್ ಪೋರ್ಟಲಲ್ಲಿ ಹೆಸ್ರು ನೋಂದಾಯ್ಸೋಕೂ ಅಲ್ಲೇ ಕೂರಬಹುದು.

ಇದ್ದ ಕೆಲ್ಸ ಹೋದವ್ರಿಗೆ

ಯುವನಿಧಿ ಹೊಸದಾಗಿ ಪಾಸಾದವ್ರಿಗೆ. ಮಾಚೇನಹಳ್ಳಿ ಕಡೆ ಫ್ಯಾಕ್ಟರೀಲೋ ಗಾರ್ಮೆಂಟ್ಸಲ್ಲೋ ಇದ್ದು ಕೆಲ್ಸ ಕಳ್ಕೊಂಡವ್ರಿಗೆ ಬೇರೆ ದಾರಿ ಇದೆ, ಸಂಬಳದಲ್ಲಿ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ ದುಡ್ಡು ಕಟ್ ಆಗ್ತಿದ್ರೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ, 2018ರಲ್ಲಿ ಶುರುವಾಗಿದ್ದು, ಸರಾಸರಿ ದಿನಗೂಲಿಯ ಅರ್ಧದಷ್ಟು, ಗರಿಷ್ಠ 90 ದಿನಕ್ಕೆ, ಜೀವನದಲ್ಲಿ ಒಂದೇ ಸಲ. ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತೀಲಿ ಕೆಲ್ಸ ಮಾಡಿರ್ಬೇಕು, ಕೆಲ್ಸ ಹೋಗೋ ಮುಂಚಿನ ವಂತಿಗೆ ಅವಧೀಲಿ 78 ದಿನದ ವಂತಿಗೆ ಕಟ್ಟಿರ್ಬೇಕು. ದುರ್ನಡತೆ ಅಂತ ತೆಗೆದು ಹಾಕಿದ್ರೆ ಸಿಗಲ್ಲ. ಈ ಯೋಜನೇನ ಆಗಾಗ ಅವಧಿ ವಿಸ್ತರಿಸ್ತಾ ಬಂದಿದಾರೆ, ಹಾಗಾಗಿ ಹಾಕೋ ಮುಂಚೆ ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಈಗ ಜಾರೀಲಿದೆಯಾ ಅಂತ ಕೇಳ್ಕೊಳಿ.

ಫ್ಯಾಕ್ಟರಿನೇ ಮುಚ್ಚಿದ್ರೆ ಇಲ್ಲಾ ಜನ ಕಮ್ಮಿ ಮಾಡೋಕೆ ರಿಟ್ರೆಂಚ್‌ಮೆಂಟ್ ಅಂತ ತೆಗೆದ್ರೆ 2005ರಿಂದ ಇರೋ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಬಗ್ಗೆನೂ ಅದೇ ಆಫೀಸಲ್ಲಿ ಕೇಳಿ, ಅದ್ರಲ್ಲಿ 24 ತಿಂಗಳ ತನಕ ಭತ್ಯೆ ಉಂಟು, ಮೊದಲ 12 ತಿಂಗ್ಳು ಕೂಲಿಯ ಅರ್ಧ, ಆಮೇಲಿನ 12 ತಿಂಗ್ಳು ಕಾಲು ಭಾಗ. ಎರಡಕ್ಕೂ ನೀವು ಕೆಲ್ಸ ಬಿಟ್ಟ ತಾರೀಖು ಮತ್ತೆ ಕಾರಣವನ್ನ ಮಾಲೀಕರು ಇಎಸ್‌ಐ ದಾಖಲೇಲಿ ಸರಿಯಾಗಿ ನಮೂದಿಸಿರ್ಬೇಕು. ಗೇಟ್ ದಾಟಿ ಹೊರಗೆ ಬರೋ ದಿನಾನೇ ಎಚ್‌ಆರ್ ಹತ್ರ ರಿಲೀವಿಂಗ್ ಲೆಟರ್ ಇಸ್ಕೊಳಿ, ಅದ್ರಲ್ಲಿ ನೀವೇ ರಾಜೀನಾಮೆ ಕೊಟ್ಟಿದ್ದು ಅಂತ ಬರ್ದಿದಾರಾ, ಅವ್ರು ತೆಗೆದಿದ್ದು ಅಂತ ಬರ್ದಿದಾರಾ ಓದಿ ನೋಡಿ, ಆಮೇಲೇ ಸಹಿ ಹಾಕಿ.